ನಲವತ್ತೊಂದನೆಯ ಅಕ್ಷರ

ಬಳ್ಳಾರಿಯ ನಮ್ಮ ಸ್ಥಿರಾಸ್ತಿ ಗಣಕ ಕಚೇರಿಯಲ್ಲಿ ಯಾವುದೇ ತಪ್ಪು ಟಪಾಲಿನಲ್ಲಿ ದಾಖಲಾಗುವವರೆಗೆ ತಪ್ಪಲ್ಲ. ದಾಖಲಾದ ಮೇಲೆ ಅದು ತಪ್ಪಾಗಿ ಉಳಿಯುವುದಿಲ್ಲ, ವಿಷಯವಾಗುತ್ತದೆ. ವಿಷಯಕ್ಕೆ ಕಡತವಿರುತ್ತದೆ, ಕಡತಕ್ಕೆ ದಾರವಿರುತ್ತದೆ, ದಾರ ಕಟ್ಟಿದ್ದನ್ನು ತಿದ್ದುವ ಅಧಿಕಾರ ಈ ಕಟ್ಟಡದಲ್ಲಿ ಯಾರಿಗೂ ಇಲ್ಲ. ಟಪಾಲು ಗುಮಾಸ್ತ ಅಯ್ಯಣ್ಣನಾದ ನಾನು ಹತ್ತೊಂಬತ್ತು ವರ್ಷದಿಂದ ತಪ್ಪುಗಳಿಗೆ ನಂಬರು ಹಾಕುತ್ತಾ ಬಂದವನು. ಒಂದೂ ನಂಬರು ತಪ್ಪಿಲ್ಲ.

ನಮ್ಮ ಕಂಪ್ಯೂಟರುಗಳನ್ನು ನಡೆಸುವ ಮೂಲ ತಂತ್ರಾಂಶದ ಹೆಸರು ‘ಸುಭದ್ರ’. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವರು ಮಾಡಿಕೊಟ್ಟದ್ದು. ಅದರೊಳಗೆ ಕರ್ನಲ್ ಎಂಬುದೊಂದಿದೆ. ಕಂಪ್ಯೂಟರಿನ ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಯಾರ ಪಕ್ಕ ಯಾರು ಎಂದು ಹಂಚುವುದು ಅದರ ಕೆಲಸ. ಒಳಗಿನ ತಹಶೀಲ್ದಾರ ಎಂದುಕೊಂಡರೆ ಸಾಕು. ಒಂದು ಆಸ್ತಿಯ ಮಾಲೀಕರ ಹೆಸರಿಗೆ ಅದು ನಲವತ್ತು ಅಕ್ಷರದ ಜಾಗ ಮಂಜೂರು ಮಾಡುತ್ತದೆ. ನಲವತ್ತೊಂದನೆಯ ಅಕ್ಷರ ಬಂದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೀಗಾಗಿ ಅದು ಯಾರನ್ನೂ ಕೇಳದೆ ಪಕ್ಕದವರ ಜಾಗದಲ್ಲಿ ಬರೆಯುತ್ತಿತ್ತು.

ಇದು ಗೊತ್ತಾದದ್ದು ಬಾದನಹಟ್ಟಿಯ ಹನುಮಮ್ಮನಿಂದ. ಆಕೆ ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ. ದಿನಾ ಬೆಳಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಾಳೆ. ಸರ್ಕಾರ ಕೊಟ್ಟ ನಿವೇಶನದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದಳು. ಮನೆಗೆ ಕರೆಂಟು ಮೀಟರ್ ಹಾಕಿಸಲು ಹೋದರೆ, ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಉತಾರ ತನ್ನಿ ಎಂದರು. ಕುರುಗೋಡಿನ ಕೌಂಟರಿನಲ್ಲಿ ಉತಾರ ತೆಗೆಸಿದರೆ ಮಾಲೀಕರ ಕಾಲಂನಲ್ಲಿ ಎರಡೇ ಪದಗಳಿದ್ದವು: ಬಡವರ ಬಂಧು.

ಒಂದು ದಿನದ ಕೂಲಿ ಬಿಟ್ಟು ಆಕೆ ನನ್ನ ಮೇಜಿನ ಮುಂದೆ ನಿಂತಳು.

“ಯಾರಮ್ಮ ಇವರು?” ಎಂದು ಕೇಳಿದೆ.

“ಅದನ್ನ ಕೇಳಾಕ ಬಂದೀನ್ರಿ. ಮನಿ ನಂದು. ಹಕ್ಕುಪತ್ರ ನನ್ ಹೆಸರಿಗೈತಿ, ನೋಡ್ರಿ. ಈ ಬಡವರ ಬಂಧು ಅನ್ನಾವ ಯಾವೂರಾವ್ರಿ?”

“ನಿಮ್ಮ ಬಂಧುಗಳ ಪೈಕಿ ಯಾರಾದ್ರೂ ಇರಬೇಕು, ನೆನಪು ಮಾಡಿಕೊಳ್ರಿ.”

“ನಮ್ ಬಂಧುಗಳೆಲ್ಲಾ ಬಡವ್ರ ಅದಾರ್ರಿ. ಆದ್ರ ಈ ಹೆಸರಿನಾವ ನಮ್ಮೊಳಗ ಯಾರೂ ಇಲ್ಲ.”

ನಿಯಮದ ಪ್ರಕಾರ ಅರ್ಜಿಗೆ ನಂಬರು ಹಾಕಿದೆ. ಉತಾರದ ಪ್ರಕಾರ ಮನೆ ಬಡವರ ಬಂಧು ಅವರದು, ಅದರಲ್ಲಿ ವಾಸವಿರುವುದು ಹನುಮಮ್ಮ. ಆದ್ದರಿಂದ ಆಕೆ ಅನಧಿಕೃತ ನಿವಾಸಿ. ಮೂವತ್ತು ದಿನದೊಳಗೆ ಮನೆ ಖಾಲಿ ಮಾಡಬೇಕೆಂಬ ನೋಟಿಸು ಅರ್ಜಿಯ ಹಿಂದೆಯೇ ತಾನಾಗಿ ಮುದ್ರಣವಾಗಿ ಬಂತು. ಈ ಒಂದು ಕೆಲಸದಲ್ಲಿ ಸುಭದ್ರ ಎಂದೂ ತಡ ಮಾಡಿದ್ದಿಲ್ಲ.

ನೋಟಿಸು ಓದಿ ಹನುಮಮ್ಮ ಅಳಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಮಧ್ಯಾಹ್ನ ನಾವು ಊಟಕ್ಕೆ ಎದ್ದಾಗಲೂ ಕೂತಿದ್ದಳು. ಅವಳನ್ನು ಹೇಮಾ ನೋಡಿದಳು.

ಹೇಮಾ ನಮ್ಮ ಗುತ್ತಿಗೆ ತಾಂತ್ರಿಕ ಸಹಾಯಕಿ, ರಾರಾವಿಯವಳು. ಕಚೇರಿಯಲ್ಲಿ ಕೆಲಸ ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಅವಳನ್ನು ಕಾಯಂ ಮಾಡಿರಲಿಲ್ಲ. ಹನುಮಮ್ಮನ ಉತಾರ ಇಸಕೊಂಡು ಸರ್ವರ್ ಕೋಣೆಗೆ ಹೋದವಳು ಒಂದು ಗಂಟೆಯಲ್ಲಿ ಹೊರಗೆ ಬಂದಳು.

“ಅಕ್ಕಾ, ಮೆಮೊರಿಯಾಗ ನಿಮ್ಮ ಪಕ್ಕದ ಜಾಗ ಸಿರುಗುಪ್ಪದ ಒಬ್ಬರ ರೈಸ್ ಮಿಲ್ಲಿಂದು. ಅವರು ಹೆಸರು ಹೆಂಗ ಬರೆಸ್ಯಾರ ನೋಡ್ರಿ.”

ಹಾಳೆಯಲ್ಲಿ ಹೀಗಿತ್ತು: ಶ್ರೀಮಾನ್ ಕೊಡುಗೈ ದಾನಿ ಸಮಾಜಸೇವಾ ಧುರಂಧರ ಯುವಜನರ ಆಶಾಕಿರಣ ತಿಪ್ಪೇರುದ್ರಪ್ಪ ಬಡವರ ಬಂಧು.

“ನಡುವಿನ ಖಾಲಿ ಜಾಗ ಸೇರಿಸಿ ಎಣಿಸಿದ್ರ ತಿಪ್ಪೇರುದ್ರಪ್ಪ ಅನ್ನೂದ್ರಾಗ ನಲವತ್ತು ಮುಗೀತು. ಉಳಿದ ಬಡವರ ಬಂಧು ನಿಮ್ಮ ಜಾಗದಾಗ ಬಿದ್ದೈತಿ. ನಿಮ್ಮ ಹೆಸರು ಅದರ ಕೆಳಗ ಅಳಿಸಿ ಹೋಗೈತಿ. ಕರ್ನಲ್‌ನ ತಪ್ಪಿದು.”

ಕರ್ನಲ್ ಎಂದರೆ ಏನು ಎಂದು ಹನುಮಮ್ಮ ಕೇಳಲಿಲ್ಲ. “ತಳ ಹೊಲೀಲಾರದ ಜೇಬು ಇದ್ದಂಗ,” ಎಂದಳು. “ಹಾಕಿದ ಚಿಲ್ಲರ ಸೀದಾ ಕಾಲಿಗೆ ಇಳೀತೈತಿ. ತಳಕ್ಕ ಒಂದು ಹೊಲಿಗಿ ಹಾಕಿಬಿಡವ್ವ.”

“ಒಂದ ಹೊಲಿಗಿ ಅಕ್ಕಾ. ಒಂದ ಸಾಲು. ನಲವತ್ತಾದ ಮ್ಯಾಲ ನಿಲ್ಲು ಅಂತ ಬರೆದ್ರ ಆತು.”

ಇಡೀ ಪ್ರಕರಣದಲ್ಲಿ ವಿಷಯವನ್ನು ಪೂರ್ತಿ ಅರ್ಥ ಮಾಡಿಕೊಂಡವರು ಇವರಿಬ್ಬರೇ. ಇಬ್ಬರಿಗೂ ಸಹಿ ಮಾಡುವ ಅಧಿಕಾರವಿರಲಿಲ್ಲ.

ಹೇಮಾ ಅರ್ಧ ಪುಟದ ಟಿಪ್ಪಣಿ ಬರೆದು ಉಪನಿರ್ದೇಶಕರಾದ ಚಿದಾನಂದಪ್ಪನವರ ಮುಂದೆ ಇಟ್ಟಳು. ಸಾಹೇಬರು ಇಪ್ಪತ್ತಾರು ವರ್ಷ ಭೂಮಾಪನದಲ್ಲಿ ದುಡಿದು ಈ ಹುದ್ದೆಗೆ ಬಂದವರು. ಕಂಪ್ಯೂಟರ್ ಅಂದರೆ ಬೆಳಕು ಬರುವ ಕಡತ ಎಂಬ ಸ್ಪಷ್ಟ ತಿಳುವಳಿಕೆ ಅವರಿಗಿತ್ತು. ಟಿಪ್ಪಣಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಒಬ್ಬರಿಗೆ ಮಂಜೂರಾದ ಜಾಗದಾಗ ಇನ್ನೊಬ್ಬರು ಹೋಗಿ ಕುಂತಾರ. ಹೌದಲ್ಲ?”

“ಹೌದು ಸಾರ್. ಒಂದ್ ಸಾಲು ಸೇರಿಸಿದ್ರ—”

“ತಂಗಿ, ಇದಕ್ಕ ಒತ್ತುವರಿ ಅಂತಾರ. ನೀ ಹುಟ್ಟೂಕಿಂತ ಮೊದ್ಲ ನಾ ಒತ್ತುವರಿ ನೋಡೀನಿ. ಒತ್ತುವರಿಗೆ ಸಾಲು ಸೇರಸಂಗಿಲ್ಲ, ಸರ್ವೆ ಮಾಡಸ್ತಾರ.”

ಕಡತದ ಮೇಲೆ ಷರಾ ಬಿತ್ತು: ‘ಮೆಮೊರಿಯನ್ನು ಅಳತೆ ಮಾಡಿಸಿ ಹದ್ದುಬಸ್ತು ಗುರುತಿಸಿ ವರದಿ ಸಲ್ಲಿಸುವುದು.’

ಮರುವಾರ ಭೂಮಾಪಕ ಉಚ್ಚಂಗೆಪ್ಪ ಸರಪಳಿ, ಟೇಪು, ನಾಲ್ಕು ಗಡಿಕಲ್ಲುಗಳ ಸಮೇತ ಸರ್ವರ್ ಕೋಣೆಗೆ ಬಂದರು. ಎದುರಿನ ಚಹಾದ ಅಂಗಡಿಯವನನ್ನೂ ಜೆರಾಕ್ಸ್ ಅಂಗಡಿಯವನನ್ನೂ ಪಂಚರೆಂದು ಕರೆಸಲಾಯಿತು. ಹೇಮಾ ಯಂತ್ರದ ಮುಚ್ಚಳ ತೆಗೆದು ಮೆಮೊರಿಯ ಪಟ್ಟಿಯನ್ನು ತೋರಿಸಿದಳು. ಗೇಣುದ್ದವೂ ಇಲ್ಲದ ಹಸಿರು ಪಟ್ಟಿ.

“ಇಷ್ಟ ಏನು?” ಎಂದರು ಉಚ್ಚಂಗೆಪ್ಪ. “ಇದರಾಗ ಇಡೀ ಜಿಲ್ಲಾ ಐತಿ ಅಂತೀರಿ?”

“ಐತಿ ಸಾರ್.”

“ಹಂಗಾದ್ರ ಒತ್ತುವರಿ ಆಗ್ದ ಇನ್ನೇನಾಗತೈತಿ? ಇಕ್ಕಟ್ಟು.”

ಮಹಜರು ನನ್ನ ಕೈಬರಹದಲ್ಲೇ ಇದೆ: ‘ಸದರಿ ಮೆಮೊರಿಯು ಉದ್ದ ಐದೂಕಾಲು ಇಂಚು, ಅಗಲ ಒಂದೂಕಾಲು ಇಂಚು. ಚೆಕ್ಕುಬಂದಿ: ಪೂರ್ವಕ್ಕೆ ಫ್ಯಾನು, ಪಶ್ಚಿಮಕ್ಕೆ ಇನ್ನೊಂದು ಮೆಮೊರಿ, ಉತ್ತರಕ್ಕೆ ವಾಯರುಗಳು, ದಕ್ಷಿಣಕ್ಕೆ ಸತ್ತ ಹಲ್ಲಿ. ಸ್ಥಳದಲ್ಲಿ ಬಡವರ ಬಂಧು ಅವರನ್ನು ಕೂಗಿ ಕರೆಯಲಾಗಿ ಯಾರೂ ಹಾಜರಾಗಲಿಲ್ಲ. ಗಡಿಕಲ್ಲು ನೆಡಲು ಜಾಗ ಸಾಲದ ಕಾರಣ ಕಲ್ಲುಗಳನ್ನು ಕೋಣೆಯ ಮೂಲೆಯಲ್ಲಿ ಇಡಲಾಗಿದೆ.’ ಪಂಚರು ಓದಿ ಕೇಳಿ ಸರಿಯಿದೆ ಎಂದು ಸಹಿ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನಮ್ಮಲ್ಲಿ ಬರೆ ಹಾಕುವ ಮೊದಲು ಎಮ್ಮೆಯನ್ನೂ ಅಳೆಯುತ್ತೇವೆ.

ಬಡವರ ಬಂಧು ಅವರಿಗೆ ವಿಚಾರಣೆಯ ನೋಟಿಸು ಹೋಗಬೇಕಿತ್ತು. ದಾಖಲೆಯಲ್ಲಿ ಅವರ ವಿಳಾಸ ಹನುಮಮ್ಮನ ಮನೆಯೇ ಆದ್ದರಿಂದ ನೋಟಿಸನ್ನು ಹನುಮಮ್ಮನ ಬಾಗಿಲಿಗೆ ಅಂಟಿಸಲಾಯಿತು. ಮನೆ ಖಾಲಿ ಮಾಡುವ ನೋಟಿಸು ಮೊದಲೇ ಅಲ್ಲಿತ್ತು. ಒಂದೇ ಬಾಗಿಲಿನಲ್ಲಿ, ಒಂದು ಕಾಗದ ಮಾಲೀಕರನ್ನು ಬಾ ಎಂದು ಕರೆಯುತ್ತಿತ್ತು, ಇನ್ನೊಂದು ಮಾಲೀಕಳನ್ನು ಹೋಗು ಎನ್ನುತ್ತಿತ್ತು.

ವಿಚಾರಣೆಗೆ ತಿಪ್ಪೇರುದ್ರಪ್ಪನವರೇ ಬಂದರು. ಒಳ್ಳೆಯ ಮೈಕಟ್ಟು, ಅದಕ್ಕಿಂತ ಒಳ್ಳೆಯ ಮಾತು. ಹಿಂದೆ ಆರು ಜನ. ಅವರಿಗೆ ಕುರ್ಚಿ ಹಾಕಿದೆವು. ಹನುಮಮ್ಮನಿಗೆ ಹಾಕಲು ಕುರ್ಚಿ ಉಳಿಯಲಿಲ್ಲ.

“ಸಾವ್ಕಾರ್ರು ದಾಖಲೆಯಾಗ ಬರೀ ತಮ್ಮ ಹೆಸರು ಬರೆಸಿದ್ರ ಈ ತಾಪತ್ರಯ ಇರಂಗಿಲ್ಲ,” ಎಂದು ಸಾಹೇಬರು ಮೆತ್ತಗೆ ಹೇಳಿ ನೋಡಿದರು.

ತಿಪ್ಪೇರುದ್ರಪ್ಪನವರ ಮುಖ ಬಾಡಿತು. “ಬಡವರ ಬಂಧು ಅನ್ನೋದು ನಾ ಇಟ್ಕಂಡಿದ್ದಲ್ರಿ. ಜನ ಕೊಟ್ಟಿದ್ದು. ಅದನ್ನ ಕತ್ತರಿಸಿದ್ರ ಯಾರಿಗೆ ಅವಮಾನ? ನನಗಲ್ಲ, ಬಡವ್ರಿಗೆ.” ಆಮೇಲೆ ಹನುಮಮ್ಮನ ಕಡೆ ತಿರುಗಿ, “ನೀನ ಹೇಳವ್ವ, ಬಡವ್ರಿಗೆ ಒಬ್ಬ ಬಂಧು ಬ್ಯಾಡೇನು?” ಎಂದರು.

“ಬೇಕ್ರಿ,” ಎಂದಳು ಹನುಮಮ್ಮ. “ಆದ್ರ ನನ್ ಮನ್ಯಾಗ ಬ್ಯಾಡ.”

ಹಿಂದಿದ್ದ ಆರು ಜನ ಛೆ ಛೆ ಎಂದರು. ಸಾಹೇಬರು ಕಡತ ತಿರುವಿ ಒಂದು ಹೊಸ ಅಂಶ ಕಂಡುಹಿಡಿದರು. “ಅಮ್ಮಾ, ನಿಮಗ ನಲವತ್ತು ಅಕ್ಷರದ ಜಾಗ ಮಂಜೂರಾಗಿತ್ತು. ನಿಮ್ಮ ಹೆಸರಿಗೆ ನಾಲ್ಕ ಅಕ್ಷರ. ಉಳಿದ ಮೂವತ್ತಾರು ಬೀಳು ಬಿಟ್ಟೀರಿ. ಬೀಳು ಬಿಟ್ಟ ಜಾಗಕ್ಕ ಯಾರರ ಬರ್ತಾರ. ಇದು ನಿಮ್ಮ ತಪ್ಪಲ್ಲೇನು?”

“ನಮ್ಮವ್ವ ಇಟ್ಟ ಹೆಸರ್ರಿ ಅದು. ಅಷ್ಟ ಸಾಕು ಅನ್ಸಿತ್ತು.”

ಈ ಹೇಳಿಕೆಯನ್ನು ತಪ್ಪೊಪ್ಪಿಗೆ ಎಂದು ದಾಖಲಿಸಿಕೊಳ್ಳಲಾಯಿತು.

ವಿಚಾರಣೆಯಿಂದ ಒಂದು ಪ್ರಯೋಜನವಾಯಿತು. ಹೆಸರು ಉದ್ದವಾದಷ್ಟೂ ಆಸ್ತಿ ಉದ್ದವಾಗುತ್ತದೆ ಎಂಬ ಸಂಗತಿ ಅದೇ ಸಂಜೆ ಸಿರುಗುಪ್ಪಕ್ಕೆ ತಲುಪಿತು. ಒಂದೇ ವಾರದಲ್ಲಿ ಅಲ್ಲಿ ಹನ್ನೊಂದು ಅಭಿಮಾನಿ ಬಳಗಗಳು ಹುಟ್ಟಿದವು. ಸಂಜೆಯಾದರೆ ಒಂದಿಲ್ಲೊಂದು ಕಲ್ಯಾಣಮಂಟಪದಲ್ಲಿ ಶಾಲು, ಹಾರ, ಬಿರುದು. ಫ್ಲೆಕ್ಸ್ ಅಂಗಡಿಯವರು ‘ಅಕ್ಷರ ಎಣಿಸಿ ಕೊಡಲಾಗುವುದು’ ಎಂದು ಬೋರ್ಡು ಹಾಕಿದರು. ಗೊಬ್ಬರದ ವ್ಯಾಪಾರಿಯೊಬ್ಬರು ‘ಜ್ಞಾನಜ್ಯೋತಿ’ ಆಗಿ ಪಕ್ಕದ ಶಾಲೆಯ ಆಟದ ಬಯಲಿನ ಒಡೆಯರಾದರು. ಇನ್ನೊಬ್ಬರು ‘ಶಾಂತಿದೂತ’ ಆಗಿ ಅಣ್ಣನ ಹೊಲ ಹಿಡಿದರು. ತಿಪ್ಪೇರುದ್ರಪ್ಪನವರಿಗೂ ಒಂದೊಂದಾಗಿ ಗಡಿನಾಡ ಗಂಡುಗಲಿ, ಭತ್ತದ ಭಾಗ್ಯವಿಧಾತ, ಅನ್ನದಾತರ ಆಪ್ತ ಎಂಬ ಮೂರು ಬಿರುದು ಬಂದವು. ಮೂರೂ ಹನುಮಮ್ಮನ ಮೂವತ್ತಾರು ಬೀಳು ಅಕ್ಷರಗಳಲ್ಲೇ ವಾಸಕ್ಕೆ ಬಂದವು.

ಖಾಲಿ ಮಾಡಲು ನಾಲ್ಕು ದಿನ ಉಳಿದಿದ್ದಾಗ ಹೇಮಾ ಯಾರಿಗೂ ಹೇಳದೆ ಕುರುಗೋಡಿಗೆ ಹೋದಳು. ಅಲ್ಲಿನ ಕೌಂಟರಿನ ಯಂತ್ರದ ಕರ್ನಲ್‌ನಲ್ಲಿ ಆ ಒಂದು ಸಾಲು ಬರೆದಳು. ಹೆಸರುಗಳನ್ನು ಮೂಲ ದಾಖಲೆಯಿಂದ ಮತ್ತೆ ಓದಿಸಿದಳು. ತಿಪ್ಪೇರುದ್ರಪ್ಪನವರ ಹೆಸರು ತಿಪ್ಪೇರುದ್ರಪ್ಪ ಎಂಬಲ್ಲಿಗೆ ನಿಂತಿತು. ಹನುಮಮ್ಮನ ಮನೆ ಹನುಮಮ್ಮನದಾಯಿತು. ಉತಾರದ ಪ್ರತಿ ತೆಗೆದು ಹೇಮಾ ಜೀನ್ಸ್ ಘಟಕಕ್ಕೇ ಹೋಗಿ ಕೊಟ್ಟು ಬಂದಳಂತೆ. ಹನುಮಮ್ಮ ಅದನ್ನು ಎಲ್ಲರಿಗೂ ತೋರಿಸಿದಳಂತೆ. ಇದನ್ನು ಕೇಳಿ ನನಗೂ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮೂರು ದಿನ ಹಾಗೇ ಇತ್ತು.

ನಾಲ್ಕನೆಯ ದಿನ ಹನ್ನೊಂದೂ ಅಭಿಮಾನಿ ಬಳಗಗಳ ಪರವಾಗಿ ಇನ್ನೂರ ಹದಿನಾಲ್ಕು ತಕರಾರು ಅರ್ಜಿ ಬಂದವು. ಎಲ್ಲಕ್ಕೂ ನಾನೇ ನಂಬರು ಹಾಕಿದೆ. ಒಕ್ಕಣೆ ಒಂದೇ: ‘ಕುರುಗೋಡಿನಲ್ಲಿ ನಮ್ಮ ಬಿರುದುಗಳಿಗೆ ಅಡ್ಡಲಾಗಿ ಗೋಡೆ ಕಟ್ಟಲಾಗಿದೆ. ಇದೇ ಗೋಡೆ ಜಿಲ್ಲೆಯಾದ್ಯಂತ ಎದ್ದರೆ ನಮ್ಮ ಗತಿಯೇನು?’

ಹೇಮಾಗೆ ಕಾರಣ ಕೇಳಿ ನೋಟಿಸು ಹೋಯಿತು. ಅನುಮತಿಯಿಲ್ಲದೆ ಸರ್ಕಾರಿ ಕರ್ನಲ್‌ನಲ್ಲಿ ಒಂದು ಸಾಲು ಉದ್ದದ ಗೋಡೆ ನಿರ್ಮಿಸಿದ್ದೇಕೆ? ನಕ್ಷೆ ಎಲ್ಲಿ? ಅವಳು ಸಾಹೇಬರ ಮುಂದೆ ನಿಂತು, “ಸಾರ್, ಆ ಸಾಲು ಇಲ್ಲಂದ್ರ ಯಾರ ಬೇಕಾದ್ರೂ ಯಾರ ಮನಿ ಬೇಕಾದ್ರೂ ತಗೋಬೋದು. ನಿಮ್ಮ ಮನಿನೂ,” ಎಂದಳು.

ಸಾಹೇಬರು ಗಾಬರಿಯಾಗಲಿಲ್ಲ. ಅವರ ಹೆಸರಿನ ಮುಂದೆ ಅಷ್ಟರಲ್ಲೇ ‘ಕಂದಾಯ ಕಣ್ಮಣಿ’ ಸೇರಿತ್ತು.

ಗೋಡೆಯನ್ನು ತೆರವುಗೊಳಿಸಲಾಯಿತು. ಮುಂದಿನ ವಾರ ಸಾಹೇಬರು ತಮ್ಮ ಸೇವಾವಧಿಯ ಅತಿ ದೊಡ್ಡ ಆದೇಶ ಹೊರಡಿಸಿದರು. ಒತ್ತುವರಿಯನ್ನು ಬಿಡಿಸಲು ಆಗದಿದ್ದಾಗ ಏನು ಮಾಡಬೇಕೆಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಅಕ್ರಮವನ್ನು ಸಕ್ರಮ ಮಾಡಬೇಕು.

‘ಸದರಿ ದೋಷವು ಬಹುಕಾಲದಿಂದ ಶಾಂತಿಯುತವಾಗಿ, ನಿರಾತಂಕವಾಗಿ ಅನುಭವದಲ್ಲಿರುವುದು ಮಹಜರಿನಿಂದ ಕಂಡುಬಂದಿರುವ ಕಾರಣ ಅದನ್ನು ಸಕ್ರಮಗೊಳಿಸಿ ಆದೇಶಿಸಿದೆ. ಇನ್ನು ಮುಂದೆ ಅದನ್ನು ದೋಷವೆಂದು ಯಾರೂ ಕರೆಯತಕ್ಕದ್ದಲ್ಲ. ನಲವತ್ತು ಅಕ್ಷರ ಮೀರುವವರು ಮುಂಚಿತವಾಗಿ ಎಣಿಕೆ ಶಾಖೆಗೆ ತಿಳಿಸತಕ್ಕದ್ದು. ನಲವತ್ತು ಅಕ್ಷರ ತುಂಬದವರು ತಮ್ಮ ಖಾಲಿ ಜಾಗಕ್ಕೆ ತಾವೇ ಹೊಣೆಗಾರರು.’

ಎಣಿಕೆ ಶಾಖೆ ಹೊಸದು. ಅದರ ಮುಖ್ಯಸ್ಥೆಯಾಗಿ ಹೇಮಾಳನ್ನು ನೇಮಿಸಿ, ಇಷ್ಟು ವರ್ಷ ಆಗದ ಕಾಯಮಾತಿಯನ್ನೂ ಕೊಟ್ಟರು. ಬಿರುದುಗಳ ಅಕ್ಷರ ಎಣಿಸಿ, ಅವು ಯಾರ ಮನೆಯಲ್ಲಿ ಬೀಳುತ್ತವೆ ಎಂದು ಮೊದಲೇ ತಿಳಿಸುವುದು ಅವಳ ಕೆಲಸ. ಮನೆಯಲ್ಲಿ ಅಪ್ಪನ ಔಷಧಿಯ ಖರ್ಚಿತ್ತು. ಮೊದಲ ದಿನ ಅತ್ತಳು, ಎರಡನೆಯ ದಿನ ಎಣಿಸಿದಳು. ಅವಳ ಎಣಿಕೆಯಲ್ಲಿ ಇಂದಿನವರೆಗೆ ಒಂದೂ ತಪ್ಪಿಲ್ಲ.

ಹನುಮಮ್ಮನ ಮೂವತ್ತು ದಿನ ಮುಗಿದಿತ್ತು. ಪೊಲೀಸರನ್ನು ಕರೆಸಿ ಮನೆ ಖಾಲಿ ಮಾಡಿಸುವ ಹಿಂದಿನ ದಿನ ತಿಪ್ಪೇರುದ್ರಪ್ಪನವರ ಕಡೆಯಿಂದ ಫೋನು ಬಂತು. ಒಬ್ಬ ಬಡ ಹೆಣ್ಣುಮಗಳು ಬೀದಿಗೆ ಬೀಳುವುದನ್ನು ಅವರು ನೋಡಲಾರರು. ಬಾದನಹಟ್ಟಿಯಲ್ಲಿ ತಮ್ಮದೊಂದು ಮನೆಯಿದೆ, ಅದನ್ನೇ ಆಕೆಯ ವಾಸಕ್ಕೆ ಬಿಟ್ಟುಕೊಡುತ್ತಾರೆ.

ಭಾನುವಾರ ಶಾಮಿಯಾನ ಬಿತ್ತು. ಸರ್ಕಾರದ ಪ್ರತಿನಿಧಿಯಾಗಿ ನಾನೂ ಹೋಗಿದ್ದೆ. ಬೆಳಗ್ಗೆಯೇ ಹನುಮಮ್ಮನ ಕೈಯಿಂದ ಕೀಲಿಕೈ ಇಸಕೊಂಡು, ಅದಕ್ಕೆ ರೇಷ್ಮೆ ದಾರ ಕಟ್ಟಿ, ತಟ್ಟೆಯಲ್ಲಿಟ್ಟು ವೇದಿಕೆಗೆ ತಂದರು. ತಿಪ್ಪೇರುದ್ರಪ್ಪನವರು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ ಹನುಮಮ್ಮನ ಕೈಗಿಟ್ಟರು. ಫೋಟೋದವನು ಇನ್ನೊಮ್ಮೆ ಎಂದಾಗ ವಾಪಸು ತೆಗೆದುಕೊಂಡು ಇನ್ನೊಮ್ಮೆ ಕೊಟ್ಟರು. ಜೊತೆಗೆ ವಾಸದ ಅನುಮತಿ ಪತ್ರ. ಮಾಲೀಕರ ಕಾಲಂ ಹಾಗೇ ಉಳಿಯಿತು. ಅದರ ಕೆಳಗೆ ‘ಫಲಾನುಭವಿ: ಹನುಮಮ್ಮ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆಕೆಯ ಕೈಯಲ್ಲಿ ಹಾರ ಕೊಟ್ಟು ಸಾವ್ಕಾರರಿಗೆ ಹಾಕಿಸಿದರು. ಎರಡು ಮಾತಾಡು ಎಂದು ಮೈಕು ಹಿಡಿದರು.

“ನನ್ ಮನಿ ಕೀಲಿಕೈ ನನಗ ಕೊಟ್ಟಾರ,” ಎಂದಳು ಹನುಮಮ್ಮ. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಎಲ್ಲಾರಿಗೂ ನಮಸ್ಕಾರ್ರಿ.”

ಜೋರು ಚಪ್ಪಾಳೆ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಟಪಾಲಿನಲ್ಲಿ ಕಾಲಂ ಇಲ್ಲ, ನಾನೂ ತಟ್ಟಿದೆ.

ಇಂಥ ದಾನವನ್ನು ಜನ ಗುರುತಿಸದೆ ಇರುತ್ತಾರೆಯೇ? ಅದೇ ವೇದಿಕೆಯ ಮೇಲೆ ಸಾವ್ಕಾರರಿಗೆ ‘ಸೂರು ದಾತ’ ಎಂಬ ಬಿರುದು ಪ್ರದಾನವಾಯಿತು. ಸೋಮವಾರ ಅದು ದಾಖಲೆಗೆ ಸೇರಿತು. ಹೇಮಾ ಎಣಿಸಿ ವರದಿ ಕೊಟ್ಟಳು: ಹನುಮಮ್ಮನ ಜಾಗದಲ್ಲಿ ಉಳಿದಿದ್ದದ್ದು ನಾಲ್ಕೇ ಅಕ್ಷರ. ಎರಡು, ಪದಗಳ ನಡುವಿನ ಖಾಲಿ ಜಾಗಕ್ಕೆ ಹೋದವು. ಇನ್ನೆರಡರಲ್ಲಿ ‘ಸೂರು’ ಹಿಡಿಸಿತು. ‘ದಾತ’ ಆಚೆ ಮನೆಗೆ ಬಿತ್ತು.

ಆಚೆ ಮನೆ ಸತ್ಯಮ್ಮನದು. ಭಾನುವಾರ ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ನೋಡಿದ್ದಾಕೆ. ಗುರುವಾರ ಉತಾರ ಹಿಡಿದು ನನ್ನ ಮೇಜಿಗೆ ಬಂದಳು. ಮಾಲೀಕರ ಕಾಲಂನಲ್ಲಿ ‘ದಾತ’ ಎಂದಿತ್ತು. ಇವರು ಯಾರು ಎಂದು ಆಕೆ ಕೇಳಲಿಲ್ಲ. ಗಲಾಟೆಯನ್ನೂ ಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಕೀಲಿಕೈ ತೆಗೆದು ಮೇಜಿನ ಮೇಲೆ ಇಟ್ಟಳು.

“ನಂದು ಫಂಕ್ಷನ್ ಯಾವಾಗ ಇಟ್ಕಂಡೀರಿ ಸಾರ್? ಹೂವಿನ ಹಾರಕ್ಕ ಹೇಳಿ ಬಂದೀನಿ. ಕೀಲಿಕೈ ಈಗ ಕೊಟ್ಟು ಹೋಗ್ಲೋ, ಅವತ್ತ ತರ್ಲೋ?”

ಅವತ್ತೇ ತನ್ನಿ ಎಂದು ಹೇಳಿ ನಂಬರು ಹಾಕಿದೆ.